ನಾಲ್ಕು ಸಾಲಿಗೆ ಹಿಡಿಸದ ಮಾತು

ಆ ಮಿಷನ್ನನ್ನು ಮೊದಲ ಸಲ ನೋಡಿದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಬೀರುವಿನಷ್ಟು ಎತ್ತರ. ಮುಂಭಾಗದ ತುಂಬ ಸಣ್ಣ ಸಣ್ಣ ದೀಪ, ಅದರ ಕೆಳಗೆ ಸಾಲಾಗಿ ಸ್ವಿಚ್ಚು. ದೀಪಗಳು ಒಂದು ಕ್ಷಣ ಹೀಗೆ, ಇನ್ನೊಂದು ಕ್ಷಣ ಹಾಗೆ ಮಿನುಗುತ್ತಿದ್ದವು. ಒಳಗೆ ಯಾರೋ ಯೋಚನೆ ಮಾಡುತ್ತಿದ್ದಾರೆ ಅನ್ನಿಸಿ ಮೈ ಜುಮ್ಮೆಂದಿತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಕೆಲಸಕ್ಕೆ ಸೇರಿದ್ದೆ. ನಮ್ಮೂರು ದೊಡ್ಡಬಳ್ಳಾಪುರದ ಕಡೆ, ದೊಡ್ಡಬೆಳವಂಗಲದ ಪಕ್ಕದ ಹಳ್ಳಿ, ಅಪ್ಪನದು ಬೇಸಾಯ. ವಾರವೆಲ್ಲ ನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿಕೊಂಡು ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೆ. "ಏನವ್ವ ಕೆಲಸ ನಿಂದು?" ಅಂತ ಊರಿನ ಹೆಂಗಸರು ಕೇಳಿದರೆ ನಮ್ಮವ್ವನೇ ಮುಂದೆ ಬಿದ್ದು, "ಅದೇನೋ ದೀಪದ ಮಿಷನ್ನಂತೆ, ಅದಕ್ಕೆ ಬುದ್ಧಿ ಹೇಳ್ತಾಳಂತೆ" ಅನ್ನುತ್ತಿದ್ದಳು. ಪ್ರೋಗ್ರಾಂ ಬರೆಯುವ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿದ್ದನ್ನು ನಾನು ಕೇಳಿಲ್ಲ.

ನಮ್ಮ ಯೋಜನೆ ಹೀಗಿತ್ತು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಈ ನಾಲ್ಕು ಊರುಗಳಲ್ಲಿ ಒಂದೊಂದು ಟೆಲಿಪ್ರಿಂಟರ್, ಅಂದರೆ ತಂತಿಯಲ್ಲಿ ಅಕ್ಷರ ಕಳಿಸಿ ಬಂದದ್ದನ್ನು ಹಾಳೆಯಲ್ಲಿ ಅಚ್ಚು ಮಾಡುವ ಟೈಪ್ ಮಿಷನ್, ಇಟ್ಟು, ಟೆಲಿಫೋನ್ ತಂತಿಯ ಮೂಲಕ ಅವನ್ನೆಲ್ಲ ನಮ್ಮ ಕಂಪ್ಯೂಟರಿಗೆ ಸೇರಿಸುವುದು. ನೆಲಮಂಗಲದಲ್ಲಿ ಕೂತವರು ಟೈಪು ಮಾಡಿದ್ದನ್ನು ಕಂಪ್ಯೂಟರ್ ಇಸಿದುಕೊಂಡು, ಯಾರಿಗೆ ಸೇರಬೇಕೋ ನೋಡಿ, ಹೊಸಕೋಟೆಗೋ ದೇವನಹಳ್ಳಿಗೋ ತಾನೇ ಕಳಿಸಬೇಕು. ಮಳೆ ಎಷ್ಟಾಯಿತು, ರೇಷ್ಮೆಗೂಡಿಗೆ ಏನು ಬೆಲೆ, ಗೊಬ್ಬರದ ಲಾರಿ ಎಲ್ಲಿದೆ, ಇಂಥ ಸುದ್ದಿಗಳು ಊರಿಂದೂರಿಗೆ ನಿಮಿಷಗಳಲ್ಲಿ ಹೋಗಬೇಕು ಅನ್ನುವ ಆಸೆ. ಅದು ಇನ್ನೂ ಪರೀಕ್ಷೆಯ ಹಂತದಲ್ಲಿದ್ದುದರಿಂದ, "ಏನು ಬೇಕಾದರೂ ಕಳಿಸಿ, ಸ್ವಂತದ ಸುದ್ದಿಯಾದರೂ ಸರಿ, ಮಿಷನ್ ಪಳಗಬೇಕು" ಅಂತ ನಾಲ್ಕೂ ಊರಿನ ಆಪರೇಟರುಗಳಿಗೆ ಹೇಳಿದ್ದೆವು.

ಪ್ರೋಗ್ರಾಂ ಬರೆಯುವವರು ನಾವು ಇಬ್ಬರು. ಇನ್ನೊಬ್ಬರು ಜಡಿಗೇನಹಳ್ಳಿ ಕಡೆಯವರು, ನನ್ನ ವಯಸ್ಸಿನವರೇ, ಖುಷಿಯಾದಾಗ ಅರ್ಧ ತೆಲುಗಿನಲ್ಲಿ ಮಾತಾಡುವವರು. ನಮ್ಮಿಬ್ಬರ ಮೇಲೆ ಒಬ್ಬ ಮುಖ್ಯಸ್ಥರು. ಮೈಸೂರಿನವರು, ತೂಕದ ಮನುಷ್ಯ. ಒಂದು ಮಾತು ಆಡುವ ಮುಂಚೆ ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುತ್ತಿದ್ದರು.

ಟೆಲಿಪ್ರಿಂಟರಿನಿಂದ ಅಕ್ಷರ ಒಂದೊಂದಾಗಿ ಬರುತ್ತದೆ. ಸಂದೇಶ ಪೂರ್ತಿ ಬಂದು, ಎದುರು ಕಡೆಯ ತಂತಿ ಖಾಲಿಯಾಗಿ, ಅದು ಮುಂದಕ್ಕೆ ಹೋಗುವವರೆಗೆ ಆ ಅಕ್ಷರಗಳೆಲ್ಲ ಕಂಪ್ಯೂಟರಿನ ಮೆಮೊರಿಯಲ್ಲಿ ಎಲ್ಲಾದರೂ ಕೂತಿರಬೇಕಲ್ಲ, ಆ ಜಾಗಕ್ಕೆ ಬಫರ್ ಅನ್ನುತ್ತಿದ್ದೆವು. ನಮ್ಮ ಮಿಷನ್ನಿನ ಒಟ್ಟು ಮೆಮೊರಿ ಎಷ್ಟು ಕಮ್ಮಿಯೆಂದರೆ, ಈಗ ಮೊಮ್ಮಕ್ಕಳು ಫೋನಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲೇ ನಮ್ಮ ಪ್ರೋಗ್ರಾಮೂ ಇರಬೇಕು, ನಾಲ್ಕು ಊರಿನ ಮಾತೂ ಇರಬೇಕು.

ಮುಖ್ಯಸ್ಥರದು ಸ್ಪಷ್ಟ ತೀರ್ಮಾನ. ಪ್ರತಿ ಸಂದೇಶಕ್ಕೂ ನಾಲ್ಕು ಸಾಲು ಹಿಡಿಸುವಷ್ಟು ಗೊತ್ತುಮಾಡಿದ ಜಾಗ. ಹೆಚ್ಚಿಲ್ಲ, ಕಮ್ಮಿಯಿಲ್ಲ. "ಟೆಲಿಗ್ರಾಂನಲ್ಲಿ ಯಾರಮ್ಮ ನಾಲ್ಕು ಸಾಲಿಗಿಂತ ಜಾಸ್ತಿ ಬರೀತಾರೆ?" ಅಂದರು. ನಮಗೂ ಸರಿ ಅನ್ನಿಸಿತು, ಬರೆದೆವು.

ಆದರೆ ನೆಲಮಂಗಲದ ಆಪರೇಟರನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆತ ಮುಂಚೆ ಲಾರಿ ಬುಕಿಂಗ್ ಆಫೀಸಿನಲ್ಲಿದ್ದವರು. ತುಮಕೂರು ರಸ್ತೆಯಲ್ಲಿ ಹೋಗಿಬರುವ ಡ್ರೈವರುಗಳ ಜೊತೆ ದಿನವಿಡೀ ಹರಟಿ ಅಭ್ಯಾಸವಾದ ಮನುಷ್ಯ. ಟೆಲಿಪ್ರಿಂಟರಿನ ಮುಂದೆ ಕೂತರೂ ಆ ಹರಟೆ ನಿಲ್ಲಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಾ, ಲಾರಿ ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು, ಡ್ರೈವರ್ ಏನಂದ, ಅದಕ್ಕೆ ತಾನೇನಂದೆ ಎಲ್ಲವನ್ನೂ ಕಳಿಸಿಬಿಟ್ಟರು. ನಾಲ್ಕು ಸಾಲಿನ ಜಾಗ ತುಂಬಿತು. ಇನ್ನೂ ಅಕ್ಷರ ಬರುತ್ತಲೇ ಇತ್ತು. ತುಂಬಿದೆಯೋ ಇಲ್ಲವೋ ನೋಡು ಅಂತ ನಾವು ಪ್ರೋಗ್ರಾಮಿಗೆ ಹೇಳಿರಲಿಲ್ಲ. ಅದು ಪಕ್ಕದ ಜಾಗಕ್ಕೆ ಬರೆಯುತ್ತಾ ಹೋಯಿತು. ಪಕ್ಕದಲ್ಲಿ ಹೊಸಕೋಟೆಯಿಂದ ಬಂದ ಸಂದೇಶ ಕೂತಿತ್ತು.

ಸ್ವಲ್ಪ ಹೊತ್ತಿಗೆ ದೇವನಹಳ್ಳಿಯಿಂದ ಫೋನು. ಅಲ್ಲಿನ ಆಪರೇಟರ್ ತಂತಿ ಇಲಾಖೆಯಿಂದ ನಿವೃತ್ತರಾದ ಹಿರಿಯರು, ಒಂದೊಂದು ಪದವನ್ನೂ ಅಳೆದು ತೂಗಿ ಆಡುವವರು. "ಹೊಸಕೋಟೆಯವರು ಏನು ಹೇಳ್ತಿದ್ದಾರೆ ಅಂತ ಗೊತ್ತಾಗಲಿಲ್ಲ. ಓದ್ತೀನಿ ಕೇಳಿ" ಅಂದು ಗಂಭೀರವಾಗಿ ಓದಿದರು: "ಹಿಂದಿನ ಚಕ್ರ ಬಿಚ್ಚಿ ನೋಡಿದರೆ ಒಳಗೆ ರೇಷ್ಮೆಗೂಡು ಉತ್ತಮ ದರ್ಜೆಯದು ಬಂದಿದೆ."

ಜಡಿಗೇನಹಳ್ಳಿಯವರು ಫೋನು ಕೈಯಲ್ಲಿ ಹಿಡಿದೇ ನೆಲದ ಮೇಲೆ ಕೂತು ನಕ್ಕರು. ನನಗಂತೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಮುಖ್ಯಸ್ಥರು ಮಾತ್ರ ನಗಲಿಲ್ಲ. ಕನ್ನಡಕ ಒರೆಸಿದರು. "ಇವತ್ತು ಪಕ್ಕದಲ್ಲಿ ಸಂದೇಶ ಇತ್ತು. ನಾಳೆ ಪ್ರೋಗ್ರಾಮೇ ಇದ್ದರೆ? ಅದರ ಮೇಲೇ ಬರೆದುಕೊಂಡು ಹೋದರೆ ಮಿಷನ್ ಏನು ಮಾಡುತ್ತೆ ಅಂತ ದೇವರಿಗೂ ಗೊತ್ತಾಗಲ್ಲ. ನಾಲ್ಕು ಸಾಲು ತುಂಬಿದ ಮೇಲೆ ಬಂದದ್ದನ್ನ ಬಿಟ್ಟುಬಿಡಿ." ಹಾಗೇ ಮಾಡಿದೆವು. ನಾಲ್ಕು ಸಾಲು ತುಂಬಿದರೆ, ಉಳಿದದ್ದು ಗಾಳಿಗೆ. ಆಪರೇಟರುಗಳಿಗೆಲ್ಲ ಹೇಳಿಯೂ ಆಯಿತು: ನಾಲ್ಕು ಸಾಲು ಮೀರಬೇಡಿ.

ಅದಾಗಿ ಕೆಲವು ವಾರ ಎಲ್ಲ ಸುಸೂತ್ರವಾಗಿತ್ತು. ಆಗ ಅವರೆಕಾಯಿಯ ಕಾಲ. ಒಂದು ಶನಿವಾರ ಸಂಜೆ ಊರಿಗೆ ಹೋದರೆ ಮನೆಯೆಲ್ಲ ಗಡಿಬಿಡಿ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದಾರೆ. ಮೇಷ್ಟರ ಮನೆಯಿಂದ ಕುರ್ಚಿ ಬಂದಿದೆ. ಅವ್ವ, ಅತ್ತಿಗೆ ಇಬ್ಬರೂ ಮೊರದ ಮುಂದೆ ಕೂತು ಅವರೆಕಾಳು ಹಿದುಕುತ್ತಿದ್ದಾರೆ.

"ಏನವ್ವ ಇದು?"

"ನಿನ್ನ ನೋಡಕ್ಕೆ ಗಂಡಿನ ಕಡೆಯವರು ಬರ್ತಾ ಅವ್ರೆ ಕಣೇ, ನಾಳೆ! ನಿಮ್ಮ ಸೋದರಮಾವ ಹೇಳಿಕಳಿಸವ್ನೆ. ಅದೂ ನಿನ್ನ ಮಿಷನ್ನಿಂದಲೇ ಬಂತು ಸುದ್ದಿ!" ಅವ್ವನ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ.

ಸೋದರಮಾವ ಇದ್ದದ್ದು ನೆಲಮಂಗಲದಲ್ಲಿ, ನಮ್ಮ ಆಪರೇಟರ ಮನೆಯ ಬೀದಿಯಲ್ಲೇ. ಇವರು ಹೇಳಿದ್ದನ್ನು ಆತ ಟೈಪು ಮಾಡಿ ದೊಡ್ಡಬಳ್ಳಾಪುರಕ್ಕೆ ಕಳಿಸಿದ್ದಾರೆ. ಅಲ್ಲಿನ ಆಪರೇಟರ್ ಟೈಪಿಂಗ್ ಕಲಿತು ಬಂದ ಒಬ್ಬ ಹುಡುಗಿ, ಬಲು ಅಚ್ಚುಕಟ್ಟು. ಬಂದ ಹಾಳೆಯನ್ನು ಹರಿದು ಮಡಚಿ, ನಮ್ಮೂರಿನ ಕಡೆ ಬರುವ ಬಸ್ಸಿನ ಕಂಡಕ್ಟರ ಕೈಲಿ ಕೊಟ್ಟು ಕಳಿಸಿದ್ದಾಳೆ. ಇಂಗ್ಲಿಷ್ ಅಕ್ಷರವನ್ನು ಮೇಷ್ಟರು ಓದಿ ಹೇಳಿದ್ದಾರೆ. ನಾನು ಸೇರಿದ ಮೇಲೆ ನಮ್ಮ ಮನೆಗೆ ನನ್ನ ಕೆಲಸದಿಂದಾದ ಮೊದಲ ಉಪಯೋಗ ಅದು.

ಭಾನುವಾರ ನನಗೆ ಅವ್ವನ ರೇಷ್ಮೆ ಸೀರೆ ಉಡಿಸಿದರು. ತಲೆ ತುಂಬ ಕನಕಾಂಬರ. ಕೇಸರಿಬಾತು, ಉಪ್ಪಿಟ್ಟು, ಊಟಕ್ಕೆ ಹಿದುಕಿದ ಬೇಳೆ ಸಾರು. ಅಪ್ಪ ಬಸ್ ನಿಲ್ಲುವ ಕಡೆಗೆ ಎಷ್ಟು ಸಲ ಹೋಗಿಬಂದರೋ. ಬಿಸಿಲು ಏರಿತು, ಇಳಿಯಿತು. ಉಪ್ಪಿಟ್ಟು ತಣ್ಣಗಾಯಿತು. ಕುರ್ಚಿಗಳ ಮೇಲೆ ಪಕ್ಕದ ಮನೆಯ ಮಕ್ಕಳು ಹತ್ತಿ ಕೂತವು.

ಕೊನೆಗೆ ಸಾಯಂಕಾಲದ ಬಸ್ಸಿನಿಂದ ಇಳಿದು ಬಂದವರು ಸೋದರಮಾವ ಒಬ್ಬರೇ. ಬಾಗಿಲಲ್ಲೇ ನಿಂತು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು.

"ಏನಕ್ಕಾ ಇದು, ಯಾರ ಮನೆ ಹಬ್ಬ?"

"ಯಾರ ಮನೆ ಹಬ್ಬನಾ? ಗಂಡಿನ ಕಡೆಯವರೆಲ್ಲೋ?" ಅಂದಳು ಅವ್ವ.

"ಅಯ್ಯೋ ಶಿವನೇ! ಹುಡುಗನ ಅಜ್ಜಿಗೆ ಹುಷಾರಿಲ್ಲ, ಅವರು ಬರಲ್ಲ, ಕಾಯಬೇಡಿ ಅಂತ ಹೇಳಿಕಳಿಸಿದ್ನಲ್ಲ! ಸುದ್ದಿ ಬರಲಿಲ್ವಾ?"

"ಬಂತು. ಬರ್ತಾರೆ ಅಂತ ಬಂತು" ಅಂದರು ಅಪ್ಪ, ಗೋಡೆಯ ಗೂಡಿನಿಂದ ಹಾಳೆ ತೆಗೆಯುತ್ತಾ.

ನಾನು ಅದನ್ನು ಕಿತ್ತುಕೊಂಡು ಓದಿದೆ. ಸೋದರಮಾವ ಕಾಗದ ಬರೆಯುವ ರೀತಿಯಲ್ಲೇ ಶುರುಮಾಡಿಸಿದ್ದರು. ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ತಿಳಿಯಬೇಕು, ರಾಗಿ ಒಕ್ಕಣೆ ಎಲ್ಲಿಗೆ ಬಂತು, ಕೆಂದ ಹಸು ಕರು ಹಾಕಿತೇ, ಹುಡುಗನ ಅಜ್ಜಿಗೆ ಮೈ ಸರಿಯಿಲ್ಲವಂತೆ, ಇವೆಲ್ಲ ಮುಗಿದ ಮೇಲೆ ವಿಷಯ: "ಗಂಡಿನ ಕಡೆಯವರು ಭಾನುವಾರ ಬರ್ತಾರೆ ಅಂತ". ಅಷ್ಟೇ. ಹಾಳೆಯಲ್ಲಿ ಆಮೇಲೆ ಬಿಳಿ.

"ಅಜ್ಜಿಗೆ ಹುಷಾರಿಲ್ಲ ಅಂತ ಓದಿದ್ರಲ್ಲ ಮೇಷ್ಟರು" ಅಂದ ಅತ್ತಿಗೆಗೆ ಅವ್ವ ಸಿಡುಕಿದಳು: "ಹುಷಾರಿಲ್ಲದಿದ್ರೂ ಬರ್ತಾರೆ ಅಂತ ಅಲ್ಲವೇನೇ ಇದ್ದದ್ದು?"

ನಾನು ಸಾಲುಗಳನ್ನು ನೋಡಿದೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕನೇ ಸಾಲು ಅಂಚಿನವರೆಗೆ ತುಂಬಿದೆ. "ಕಾಯಬೇಡಿ" ಅನ್ನುವುದು ಐದನೆಯ ಸಾಲಿನ ಮೊದಲ ಪದ. ಅದನ್ನು ನಮ್ಮ ಪ್ರೋಗ್ರಾಂ ಗಾಳಿಗೆ ಬಿಟ್ಟಿತ್ತು!

ನನಗೆ ನಗು ತಡೆಯಲಾಗಲಿಲ್ಲ. ರೇಷ್ಮೆ ಸೀರೆಯಲ್ಲೇ ಜಗಲಿಯ ಮೇಲೆ ಕುಸಿದು ನಕ್ಕೆ. ಗಂಡಿನ ಕಡೆಯವರು ಬರಲಿಲ್ಲವೆಂದು ಮಗಳಿಗೆ ತಲೆ ಕೆಟ್ಟಿತು ಅಂದುಕೊಂಡು ಅವ್ವ ಓಡಿ ಬಂದಳು. "ಅವ್ವಾ, ಸಿಕ್ಕಿಬಿಡ್ತು ಕಣವ್ವ! ಸಿಕ್ಕಿಬಿಡ್ತು!" ಅಂದೆ. ಏನು ಸಿಕ್ಕಿತು ಅಂತ ಯಾರಿಗೂ ಗೊತ್ತಾಗಲಿಲ್ಲ. ಅಷ್ಟು ಸಾರು ಮಾಡಿದ್ದೆವಲ್ಲ, ಬೀದಿಯವರನ್ನೆಲ್ಲ ಕರೆದು ಬಡಿಸಿದೆವು. ಹಬ್ಬವೇ ಆಯಿತು.

ಸೋಮವಾರ ಬೆಳಿಗ್ಗೆ ಮುಖ್ಯಸ್ಥರು ಬರುವ ಮುಂಚೆಯೇ ನಾನು ಅವರ ಬಾಗಿಲಲ್ಲಿ ನಿಂತಿದ್ದೆ. ಹಾಳೆ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಸಾರ್, ಕನ್ನಡದಲ್ಲಿ 'ಇಲ್ಲ', 'ಬೇಡ', 'ಅಲ್ಲ' ಎಲ್ಲ ಕಟ್ಟಕಡೇಲಿ ಬರುತ್ತೆ. ಬಾಲ ಕತ್ತರಿಸಿದರೆ ಮಾತು ಅರ್ಧ ಆಗಲ್ಲ ಸಾರ್, ತಿರುಗಾಮುರುಗಾ ಆಗುತ್ತೆ. ನಾಳೆ ಯಾರೋ 'ಔಷಧಿ ಕೊಡಬೇಡಿ' ಅಂತ ಕಳಿಸಿದರೆ?"

ಅವರು ಹಾಳೆಯನ್ನು ಎರಡು ಸಲ ಓದಿದರು. ಮೊದಲ ಬಾರಿಗೆ ಅವರು ಜೋರಾಗಿ ನಕ್ಕದ್ದನ್ನು ಕಂಡೆ. "ಪಾಪ, ನಿಮ್ಮ ತಾಯಿ ಎಷ್ಟು ಬೇಳೆ ಹಿದುಕಿದರೋ!" ಅಂದರು. ಆಮೇಲೆ ಕನ್ನಡಕ ಒರೆಸಿ, "ಸರಿ, ನಾಲ್ಕು ಸಾಲಿನ ಬದಲು ಹದಿನಾರು ಸಾಲು ಇಡೋಣವಾ?"

"ಇಟ್ಟರೆ ಒಂದೇ ಸಲಕ್ಕೆ ಹಿಡಿಸೋ ಸಂದೇಶಗಳ ಸಂಖ್ಯೆ ಕಾಲು ಭಾಗಕ್ಕೆ ಇಳಿಯುತ್ತೆ ಸಾರ್. ದೇವನಹಳ್ಳಿಯವರು ಕಳಿಸೋದು 'ಮಳೆ ಇಲ್ಲ' ಅಂತ ಎರಡೇ ಪದ. ಅದಕ್ಕೂ ಹದಿನಾರು ಸಾಲಿನ ಜಾಗ ಕಟ್ಟಿಡಬೇಕು. ಅಷ್ಟಾದರೂ ನೆಲಮಂಗಲದವರು ಹದಿನೇಳನೇ ಸಾಲು ಬರೀತಾರೆ."

"ಹಾಗಾದರೆ ನೀವೇನು ಹೇಳ್ತೀರಿ?"

ದಾರಿಯುದ್ದಕ್ಕೂ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದನ್ನು ಹೇಳಿದೆ. ಯಾವ ಸಂದೇಶಕ್ಕೂ ಮೊದಲೇ ಜಾಗ ಕಟ್ಟಿಡುವುದು ಬೇಡ. ಇರುವ ಜಾಗವನ್ನೆಲ್ಲ ಸಣ್ಣ ಸಣ್ಣ ತುಂಡು ಮಾಡಿ ಒಂದು ಕಡೆ ಇಡೋಣ. ಸಂದೇಶ ಶುರುವಾದರೆ ಒಂದು ತುಂಡು ಕೊಡೋಣ. ಅದು ತುಂಬಿದರೆ ಇನ್ನೊಂದು. ಮುಂದಿನ ತುಂಡು ಎಲ್ಲಿದೆ ಅನ್ನುವ ವಿಳಾಸವನ್ನು ಹಿಂದಿನ ತುಂಡಿನಲ್ಲೇ ಬರೆದಿಟ್ಟರೆ, ಹೂವಿಗೆ ಹೂವು ಸೇರಿಸಿ ಮಾಲೆ ಕಟ್ಟಿದ ಹಾಗೆ ಎಷ್ಟು ಉದ್ದ ಬೇಕಾದರೂ ಬೆಳೆಯುತ್ತದೆ. ಸಂದೇಶ ಮುಂದಕ್ಕೆ ಹೋದ ಮೇಲೆ ತುಂಡುಗಳೆಲ್ಲ ಮತ್ತೆ ಖಾಲಿ ರಾಶಿಗೆ ವಾಪಸ್ಸು.

"ಖಾಲಿ ತುಂಡು ಮುಗಿದುಹೋದರೆ?"

"ಮುಗಿಯಲ್ಲ ಸಾರ್. ಒಂದು ಕಡೆ ಕೊಡ್ತಾ ಇದ್ದರೆ ಇನ್ನೊಂದು ಕಡೆಯಿಂದ ವಾಪಸ್ಸು ಬರ್ತಾನೇ ಇರುತ್ತೆ."

"ಮುಗಿಯಲ್ಲ ಅನ್ನೋದು ಉತ್ತರ ಅಲ್ಲಮ್ಮ" ಅಂದರು. "ನನ್ನ ನಾಲ್ಕು ಸಾಲು ಚಿಕ್ಕದಿರಬಹುದು. ಆದರೆ ಕೊಟ್ಟ ಮಾತು. ಅಷ್ಟು ಜಾಗ ಯಾವಾಗಲೂ ಇದ್ದೇ ಇರುತ್ತೆ. ನಿಮ್ಮದರಲ್ಲಿ ಆ ಭರವಸೆ ಇಲ್ಲ." ಆಮೇಲೆ ಹಾಳೆಯನ್ನು ನನ್ನ ಕಡೆ ಸರಿಸಿ, "ಆದರೂ ಮಾಡಿ ತೋರಿಸಿ. ಸಂಕ್ರಾಂತಿ ಹೊತ್ತಿಗೆ" ಅಂದರು.

ನಾನು ಓಡಿಹೋಗಿ ಜಡಿಗೇನಹಳ್ಳಿಯವರಿಗೆ ಹೇಳಿದೆ. "ಒಪ್ಪಿದ್ರಾ? ನಿಜವಾಗ್ಲೂ? ಅದ್ದಿರಿಪೋಯಿಂದಿ!" ಅಂತ ಅವರು ಕುಣಿದೇಬಿಟ್ಟರು.

ಆ ದಿನಗಳ ಹುರುಪನ್ನು ಈಗ ನೆನೆದರೂ ಮನಸ್ಸು ಅರಳುತ್ತದೆ. ಊಟದ ಡಬ್ಬಿ ಬಿಚ್ಚಿದರೆ ಅದರ ಪಕ್ಕದಲ್ಲೇ ಹಾಳೆ. ನಮ್ಮ ಕಾಲದಲ್ಲಿ ಪ್ರೋಗ್ರಾಂ ಬರೆಯುವುದೆಂದರೆ ಒಂದೊಂದು ಸಣ್ಣ ಆಜ್ಞೆಯನ್ನೂ ಕೈಯಿಂದ ಬರೆದು, ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತು ಹೊಡೆದು, ಆ ಪಟ್ಟಿಯನ್ನು ಮಿಷನ್ನಿಗೆ ಉಣಿಸುವುದು. ಒಂದು ತೂತು ತಪ್ಪಿದರೆ ಮೊದಲಿಂದ. ಒಬ್ಬರು ಬರೆದದ್ದರಲ್ಲಿ ಇನ್ನೊಬ್ಬರು ತಪ್ಪು ಹುಡುಕಬೇಕು ಅಂತ ನಮ್ಮಲ್ಲೇ ಪಣ. ತಪ್ಪು ಹಿಡಿದವರಿಗೆ ಇನ್ನೊಬ್ಬರು ಕಾಫಿ ಕೊಡಿಸಬೇಕು. "ಏನ್ರೀ, ತುಂಡು ತಗೊಂಡ್ರಿ, ವಾಪಸ್ ಕೊಡೋದು ಯಾರು, ನಿಮ್ಮ ತಾತನಾ?" ಅನ್ನುತ್ತಿದ್ದರು ಅವರು. ಸಂದೇಶದ ಮಧ್ಯದಲ್ಲೇ ತಂತಿ ಕಡಿದುಹೋದರೆ ಅದರ ತುಂಡುಗಳನ್ನು ಯಾರೂ ವಾಪಸ್ಸು ಇಡುತ್ತಿರಲಿಲ್ಲ. ಜಾಗ ಸದ್ದಿಲ್ಲದೆ ಸೋರಿಹೋಗುತ್ತಿತ್ತು. ಆ ಕಾಫಿ ನಾನೇ ಕೊಡಿಸಿದೆ.

ಮೊದಲ ಸಲ ಅದು ಕೆಲಸ ಮಾಡಿದ ಮಧ್ಯಾಹ್ನ ನೆಲಮಂಗಲಕ್ಕೆ ಫೋನು ಮಾಡಿ, "ಗುರೂ, ಇವತ್ತು ನಿಮಗೆ ಲಗಾಮಿಲ್ಲ. ಮನಸ್ಸಿಗೆ ಬಂದಷ್ಟು ಹೊಡೀರಿ" ಅಂದರು ಜಡಿಗೇನಹಳ್ಳಿಯವರು. ನೆಲಮಂಗಲದವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಕ್ಯಾತ್ಸಂದ್ರದ ಹತ್ತಿರ ಕೆಟ್ಟುನಿಂತ ಒಂದು ಲಾರಿಯ ಪುರಾಣ ಶುರುವಾಯಿತು. ನಾವು ದೀಪಗಳನ್ನೇ ನೋಡುತ್ತಾ ನಿಂತೆವು. ಒಂದು ತುಂಡು, ಇನ್ನೊಂದು, ಮತ್ತೊಂದು. ಆಮೇಲೆ ದೊಡ್ಡಬಳ್ಳಾಪುರದ ಹುಡುಗಿ ಫೋನು ಮಾಡಿದಳು: "ಅಕ್ಕಾ, ಹಾಳೆ ನೆಲ ಮುಟ್ತಾ ಇದೆ ಅಕ್ಕಾ! ಇನ್ನೂ ಬರ್ತಾನೇ ಇದೆ! ಆ ಡ್ರೈವರ್‌ಗೆ ಕೊನೆಗೆ ಊಟ ಸಿಕ್ತಂತೆ, ಊರಲ್ಲಿ ಮಗಳು ಹುಟ್ಟಿದ್ದಾಳಂತೆ!" ಒಂದಕ್ಷರ ಬಿಡದೆ ಎಲ್ಲ ತಲುಪಿತ್ತು. ನಾವು ಮಿಷನ್ ಕೋಣೆಯಲ್ಲೇ ಚಪ್ಪಾಳೆ ತಟ್ಟಿದೆವು.

ಸಂಕ್ರಾಂತಿಯ ಹಿಂದಿನ ದಿನ ಬಂತು. ನಾಲ್ಕೂ ಊರಿನವರಿಗೆ ಉದ್ದ ಬರೆಯಬಹುದೆಂದು ಗೊತ್ತಾಗಿತ್ತು. ನಾಲ್ವರೂ ತಮ್ಮ ತಮ್ಮ ಊರಿನಲ್ಲಿ ಒಂದೇ ಹೊತ್ತಿಗೆ ಕೂತು ಉಳಿದ ಮೂವರಿಗೂ ಹಬ್ಬದ ಶುಭಾಶಯ ಹೊಡೆಯತೊಡಗಿದರು. ಎಳ್ಳು ಬೆಲ್ಲದಿಂದ ಶುರುವಾಗಿ ಮನೆಮಂದಿಯ ಸುದ್ದಿಗೆ ಬಂದು, ಅಲ್ಲಿಂದ ಕಬ್ಬಿನ ಬೆಲೆಗೆ, ಎತ್ತಿನ ಅಲಂಕಾರಕ್ಕೆ ಹೋಯಿತು. ಮಿತಭಾಷಿ ದೇವನಹಳ್ಳಿಯವರು ಕೂಡ ಆವತ್ತು ಯಾಕೋ ತಮ್ಮ ಬಾಲ್ಯದ ಸಂಕ್ರಾಂತಿಯ ನೆನಪು ಬರೆಯಲು ಕೂತಿದ್ದರು.

ನಾನು ಮಿಷನ್ನಿನ ಮುಂದೆ ನಿಂತಿದ್ದೆ. ದೀಪಗಳ ಕುಣಿತ ಚುರುಕಾಯಿತು. ಇನ್ನೂ ಚುರುಕಾಯಿತು. ಆಮೇಲೆ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಒಂದೇ ಒಂದು ದೀಪದ ಸಾಲು ಸ್ಥಿರವಾಗಿ ಉರಿಯುತ್ತಿತ್ತು. ನಾಲ್ಕೂ ಊರಿನಿಂದ ಫೋನು. ಏನೂ ಬರುತ್ತಿಲ್ಲ, ಏನೂ ಹೋಗುತ್ತಿಲ್ಲ.

ಮುಖ್ಯಸ್ಥರು ಬಂದು ದೀಪಗಳನ್ನು ಓದಿದರು. "ನಾನು ಹೇಳಿರಲಿಲ್ಲವಾ" ಅಂತ ಅನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ. ಅವರ ಕಣ್ಣಿನಲ್ಲಿ ನಮ್ಮಷ್ಟೇ ಕುತೂಹಲ. ಕುರ್ಚಿ ಎಳೆದುಕೊಂಡು ಕೂತರು.

"ಬನ್ನಿ, ನೋಡೋಣ. ಪ್ರೋಗ್ರಾಂ ಕಾಯ್ತಾ ಇದೆ. ಏನಕ್ಕೆ ಕಾಯ್ತಾ ಇದೆ?"

"ಖಾಲಿ ತುಂಡಿಗೆ ಸಾರ್" ಅಂದರು ಜಡಿಗೇನಹಳ್ಳಿಯವರು.

"ತುಂಡು ಯಾವಾಗ ಖಾಲಿ ಆಗುತ್ತೆ?"

"ಯಾವುದಾದರೂ ಸಂದೇಶ ಎದುರು ಊರಿನಲ್ಲಿ ಅಚ್ಚಾದ ಮೇಲೆ."

"ಅಚ್ಚು ಮಾಡಿಸಬೇಕಾದವರು ಯಾರು?"

ನನಗೆ ತಟ್ಟನೆ ಹೊಳೆಯಿತು. "ಇದೇ ಪ್ರೋಗ್ರಾಂ ಸಾರ್! ತುಂಡು ಬಿಡಿಸಿ ಕೊಡಬೇಕಾದದ್ದೂ ಇದೇ, ತುಂಡು ಬರಲಿ ಅಂತ ಕೈಕಟ್ಟಿ ಕೂತಿರೋದೂ ಇದೇ!"

ಪ್ರತಿ ಊರಿನ ಪ್ರಿಂಟರಿಗೂ ಮೂರು ಊರುಗಳಿಂದ ಸಂದೇಶ ಬರುತ್ತಿತ್ತು. ಬರುವ ವೇಗಕ್ಕೆ ಅಚ್ಚಾಗುವ ವೇಗ ಸಾಲದೆ ಎಲ್ಲ ಒಳಗೇ ಕೂಡಿಕೊಂಡಿತ್ತು. ಕೊನೆಯ ತುಂಡೂ ಖರ್ಚಾದಾಗ, ಮಿಕ್ಕ ಕೆಲಸವನ್ನೆಲ್ಲ ಬಿಟ್ಟು ಪ್ರೋಗ್ರಾಂ ಕಾಯುತ್ತಾ ಕೂತಿತ್ತು. ಹಾಗೇ ಬಿಟ್ಟಿದ್ದರೆ ವರ್ಷಗಟ್ಟಲೆ ಕಾಯುತ್ತಿತ್ತೋ ಏನೋ.

ಆವತ್ತು ನಮಗೆ ನಾಚಿಕೆಗಿಂತ ಉತ್ಸಾಹವೇ ಹೆಚ್ಚಾಗಿತ್ತು. ಮೂವರೂ ಕರಿಹಲಗೆಯ ಮುಂದೆ ನಿಂತು ಒಬ್ಬರ ಕೈಯಿಂದ ಒಬ್ಬರು ಸೀಮೆಸುಣ್ಣ ಕಸಿದುಕೊಂಡು ಬರೆದೆವು. ಸಂಜೆಯ ಹೊತ್ತಿಗೆ ದಾರಿ ಕಂಡಿತು. ಮುಖ್ಯಸ್ಥರ ನಾಲ್ಕು ಸಾಲೂ ಇರಲಿ, ನಮ್ಮ ಮಾಲೆಯೂ ಇರಲಿ. ಪ್ರತಿ ಊರಿಗೂ ನಾಲ್ಕು ಸಾಲಿನಷ್ಟು ತುಂಡುಗಳನ್ನು ಮೀಸಲಾಗಿ ಇಡುವುದು, ಅದನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಮಿಕ್ಕದ್ದು ಎಲ್ಲರಿಗೂ ಸೇರಿದ ರಾಶಿ. ಉದ್ದ ಬರೆಯುವವರು ಅದರಿಂದ ತೆಗೆದುಕೊಳ್ಳಲಿ. ರಾಶಿ ಕರಗುತ್ತಾ ಬಂದರೆ ಪ್ರೋಗ್ರಾಂ ಕಾಯುತ್ತಾ ಕೂರುವುದಿಲ್ಲ. ಬರೆಯುತ್ತಿರುವವರ ಟೆಲಿಪ್ರಿಂಟರಿನಲ್ಲಿ ಗಂಟೆ ಬಾರಿಸಿ "ಸ್ವಲ್ಪ ತಡೆಯಿರಿ" ಅನ್ನುತ್ತದೆ. ತಾನು ಮಾತ್ರ ಅಚ್ಚು ಮಾಡಿಸುತ್ತಲೇ ಇರುತ್ತದೆ. ತುಂಡುಗಳು ವಾಪಸ್ಸಾದ ಮೇಲೆ ಮತ್ತೆ ಗಂಟೆ ಬಾರಿಸಿ "ಮುಂದುವರಿಸಿ" ಅನ್ನುತ್ತದೆ.

"ಈಗ ಉತ್ತರ ಸಿಕ್ಕಿತು" ಅಂದರು ಮುಖ್ಯಸ್ಥರು. ಅವರ ಅಂಗಿಯ ತೋಳೆಲ್ಲ ಸುಣ್ಣದ ಪುಡಿ.

ಹಬ್ಬ ಕಳೆದ ಮೇಲೆ, ಅಜ್ಜಿ ಚೇತರಿಸಿಕೊಂಡು, ಗಂಡಿನ ಕಡೆಯವರು ನಿಜವಾಗಿಯೂ ಬಂದರು. ಹುಡುಗ ಸಂಭಾವಿತ. ನಾನು ಏನು ಕೆಲಸ ಮಾಡುತ್ತೇನೆ ಅಂತ ಕೇಳಿದ, ಹೇಳಿದೆ. ಕಾಫಿ ಆರಿಹೋಗುವಷ್ಟು ಹೊತ್ತು ಹೇಳಿದೆ. ಆದರೆ ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕು ಅಂದರು ಹುಡುಗನ ದೊಡ್ಡಪ್ಪ. ನಾನು ಬಾಯಿ ತೆಗೆಯುವ ಮುಂಚೆ ಅಪ್ಪ ಎಲೆಯಡಿಕೆ ತಟ್ಟೆಯನ್ನು ಮುಂದಕ್ಕೆ ಸರಿಸುತ್ತಾ ಅಂದರು: "ಅದು ಆಗೋದಿಲ್ಲ ಸ್ವಾಮಿ. ಅವಳ ಕೆಲಸ ಇನ್ನೂ ಮುಗಿದಿಲ್ಲವಂತೆ." ಅಪ್ಪ ನನ್ನ ಕೆಲಸದ ಬಗ್ಗೆ ನನ್ನ ಎದುರು ಆಡಿದ ಮೊದಲ ಮಾತು ಅದು. ಆ ಸಂಬಂಧ ಅಲ್ಲಿಗೇ ನಿಂತಿತು. ಅವ್ವ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮುಂದೆ ಕೆಲಸ ಬಿಡು ಅನ್ನದವರೇ ಸಿಕ್ಕಿದರು, ಅದು ಬೇರೆ ಮಾತು.

ಯುಗಾದಿ ಕಳೆದು ದೆಹಲಿಯಿಂದ ದೊಡ್ಡ ಅಧಿಕಾರಿಗಳು ಯೋಜನೆ ನೋಡಲು ಬಂದರು. ಅವರಲ್ಲೊಬ್ಬರು ನಮ್ಮನ್ನು ನಂಬುವ ಹಾಗೆ ಕಾಣಲಿಲ್ಲ. ತಮ್ಮ ಕೈಲಿದ್ದ ಪೇಪರಿನ ಒಂದು ಇಡೀ ಲೇಖನವನ್ನು ನಮ್ಮ ಕೋಣೆಯ ಟೆಲಿಪ್ರಿಂಟರಿನಿಂದ ನಾಲ್ಕೂ ಊರಿಗೆ ಕಳಿಸಿ ಅಂದರು. ಅದೇ ಹೊತ್ತಿಗೆ ನಾಲ್ಕೂ ಊರಿನವರು ತಮಗೆ ತೋಚಿದ್ದನ್ನು ಬರೆಯುತ್ತಿರಬೇಕಂತೆ. ಜಡಿಗೇನಹಳ್ಳಿಯವರು ಟೈಪು ಮಾಡುತ್ತಾ ಹೋದರು. ದೀಪಗಳು ಕುಣಿದವು. ರಾಶಿ ಕರಗುತ್ತಿರುವುದು ನನಗೆ ಕಾಣುತ್ತಿತ್ತು. ಕರಗಿತು, ಇನ್ನೂ ಕರಗಿತು.

ಟಿಣ್!

ಜಡಿಗೇನಹಳ್ಳಿಯವರ ಕೈ ಕೀಲಿಗಳ ಮೇಲೆ ನಿಂತಿತು. "ಏನಾಯಿತು? ನಿಂತುಹೋಯಿತೇ?" ಅಂದರು ಅಧಿಕಾರಿ ಇಂಗ್ಲಿಷಿನಲ್ಲಿ. "ಇಲ್ಲ ಸರ್, ಸ್ವಲ್ಪ ತಡೀರಿ ಅಂತ ಹೇಳ್ತಾ ಇದೆ" ಅಂದೆ. ದೀಪಗಳು ಕುಣಿಯುತ್ತಲೇ ಇದ್ದವು. ಮತ್ತೆ ಟಿಣ್! ಅವರು ಬಿಟ್ಟಲ್ಲಿಂದ ಶುರುಮಾಡಿದರು. ಹೀಗೇ ಇನ್ನೂ ಎರಡು ಮೂರು ಸಲ ನಿಂತು ನಡೆದು ಲೇಖನ ಮುಗಿಯಿತು. ಅಧಿಕಾರಿ ತಾವೇ ದೇವನಹಳ್ಳಿಗೆ ಫೋನು ಮಾಡಿ ಕೊನೆಯ ವಾಕ್ಯ ಓದಿಸಿದರು. ಹೊಸಕೋಟೆಯವರಿಂದ ಓದಿಸಿದರು. ಪೇಪರಿಗೆ ಹೋಲಿಸಿ ನೋಡಿ ಫೋನಿಟ್ಟು ಮುಖ್ಯಸ್ಥರ ಕೈ ಕುಲುಕಿದರು. ಮುಖ್ಯಸ್ಥರು ಆ ಕೈಯನ್ನು ಹಾಗೇ ಹಿಡಿದು ನಮ್ಮಿಬ್ಬರ ಕಡೆ ತಂದುಬಿಟ್ಟರು.

ಪರೀಕ್ಷೆ ಮುಗಿದ ಸಂತೋಷಕ್ಕೆ ಒಂದು ಶನಿವಾರ ನಾಲ್ಕೂ ಊರಿನ ಆಪರೇಟರುಗಳನ್ನು ಮುಖ್ಯಸ್ಥರು ಬೆಂಗಳೂರಿಗೆ ಕರೆಸಿದರು. ಅಷ್ಟು ತಿಂಗಳು ದಿನವೂ ಮಾತಾಡಿದ್ದರೂ ಅವರು ಒಬ್ಬರನ್ನೊಬ್ಬರು ಕಣ್ಣಿಂದ ನೋಡಿರಲಿಲ್ಲ. ದೇವನಹಳ್ಳಿಯವರು ಕೋಟು ಹಾಕಿಕೊಂಡು, ಚೀಲದ ತುಂಬ ಚಕ್ಕೋತ ಹೊತ್ತು ಬಂದರು. ಹೊಸಕೋಟೆಯವರು ಬಂದರು, ದೊಡ್ಡಬಳ್ಳಾಪುರದ ಹುಡುಗಿ ತನ್ನ ತಂದೆಯ ಜೊತೆ ಬಂದಳು. ನೆಲಮಂಗಲದವರು ಎಲ್ಲರಿಗಿಂತ ಕೊನೆಗೆ, ತಲೆಗೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಾಗಿಲಲ್ಲಿ ನಿಂತರು. ಎಲ್ಲರೂ ಚಕ್ಕೋತವನ್ನೇ ನೋಡುತ್ತಾ ಕೂತರು. ಅಷ್ಟು ಹರಟುವ ನೆಲಮಂಗಲದವರು ನಾಚಿ ನೆಲ ನೋಡುತ್ತಿದ್ದರು!

ಆಗ ದೊಡ್ಡಬಳ್ಳಾಪುರದ ಹುಡುಗಿ ಸಣ್ಣ ದನಿಯಲ್ಲಿ ಕೇಳಿದಳು: "ಅಣ್ಣಾ, ಆ ಡ್ರೈವರ್ ಮಗಳ ನಾಮಕರಣ ಆಯ್ತಾ?"

"ಅಯ್ಯೋ, ಅದೊಂದು ದೊಡ್ಡ ಕಥೆ ಕಣಮ್ಮ!" ಅಂತ ಅವರು ಕುರ್ಚಿ ಮುಂದಕ್ಕೆಳೆದುಕೊಂಡರು. ಅಲ್ಲಿಂದ ಶುರುವಾದ ಮಾತು ಊಟದ ಹೊತ್ತಿಗೂ ನಿಲ್ಲಲಿಲ್ಲ. ದೇವನಹಳ್ಳಿಯವರು ಹಣ್ಣು ಸುಲಿದು ಸುಲಿದು ಎಲ್ಲರ ಕೈಗೂ ತೊಳೆ ಕೊಡುತ್ತಾ, ಮಧ್ಯೆ ಮಧ್ಯೆ ಒಂದೇ ಪದದಲ್ಲಿ "ಆಮೇಲೆ?" ಅನ್ನುತ್ತಿದ್ದರು. ಗುಂಪಿನ ಫೋಟೋ ತೆಗೆಯಲು ಬಂದ ಮನುಷ್ಯ ಕ್ಯಾಮೆರಾ ಹಿಡಿದು "ಒಂದು ನಿಮಿಷ ಸುಮ್ಮನಿರಿ" ಅಂತ ಅಂಗಲಾಚಿದ. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಬಾಯಿ ಮುಚ್ಚಿಕೊಂಡಿರುವವರು ಒಬ್ಬರೂ ಇಲ್ಲ.